ಮುತ್ತಜ್ಜಿಯ ಹೆಸರು ಸಿಕ್ಕ ಪುಟ

ನನ್ನ ಮೇಜಿನ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇದೆ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಯಲು ಇಟ್ಟಿರುತ್ತಾರಲ್ಲ, ಅಂಥದ್ದು. ಕೆಂಪು ಬಟ್ಟೆಯ ಬೆನ್ನು, ಇನ್ನೂರು ಪುಟ. ಅದರ ಮೊದಲ ಸಾಲು ಹೀಗಿದೆ: ‘ಸಾವಿನ ರಿಜಿಸ್ಟರ್ ಕೇಳಿದೆ. 1917 ಇದೆ. 1919 ಇದೆ. 1918 ಇಲ್ಲ.’

ಅವತ್ತು ಬೆಳಗ್ಗೆ ಆರರ ಬಸ್ಸಿಗೆ ಹೋಗಿ ಸಂಜೆ ಬರಿಗೈಲಿ ಬಂದಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲೇ ಕೂತು ಈ ಸಾಲು ಬರೆದೆ. ಅಕ್ಷರಗಳೆಲ್ಲ ಅಲ್ಲಾಡಿವೆ. ಏನೂ ಸಿಗದ ದಿನದ ಸಾಲು ಅದು. ಆದರೂ ನಮ್ಮ ಮನೆತನದ ಬಗ್ಗೆ ನಾನು ಬರೆದಿಟ್ಟಿದ್ದರಲ್ಲಿ ಹೆಚ್ಚು ಕೆಲಸಕ್ಕೆ ಬಂದ ಸಾಲು ಇದೇ. ಯಾಕೆ ಅಂತ ಹೇಳಬೇಕಾದರೆ ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡಬೇಕು.

ನಮ್ಮದು ಹಾವೇರಿ ಜಿಲ್ಲೆ, ರಾಣೆಬೆನ್ನೂರು ಕಡೆಯ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಹೊಲದ ವಾರಸಾ ಮಾಡಿಸಬೇಕಿತ್ತು, ಅಂದರೆ ಅವರ ಹೆಸರಲ್ಲಿದ್ದ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕಿತ್ತು. ಮೈಸೂರು ಕಡೆ ಇದನ್ನೇ ಪೌತಿ ಖಾತೆ ಅನ್ನುತ್ತಾರೆ. ಅದಕ್ಕೆ ನಾಡಕಚೇರಿಯಿಂದ ವಂಶವೃಕ್ಷ ಬೇಕು. ಆ ಹಾಳೆಗೆ ಬೇಕಾಗುವುದು ಸ್ವಲ್ಪವೇ: ತೀರಿಕೊಂಡವರು, ಅವರ ಹೆಂಡತಿ, ಮಕ್ಕಳು. ಹಾಳೆ ಕೈಗೆ ಬಂದಾಗ ಅದನ್ನೇ ನೋಡುತ್ತಾ ಕೂತೆ. ಅಪ್ಪನ ಹೆಸರಿನ ಮೇಲೆ ಖಾಲಿ ಜಾಗ. ಅಲ್ಲಿ ಅಜ್ಜ ಇರಬೇಕಿತ್ತು. ಅವರ ಮೇಲೆ ಮುತ್ತಜ್ಜ. ಅವರ ಪಕ್ಕದಲ್ಲಿ ಯಾರು? ಮುತ್ತಜ್ಜಿಯ ಹೆಸರು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಗೆ ಹುಡುಕಲು ಶುರು ಮಾಡಿದೆ. ಎಂಟು ವರ್ಷದ ಹಿಂದಿನ ಮಾತು. ಆಗ ಈ ನೋಟ್‌ಬುಕ್ ಇರಲಿಲ್ಲ. ಸಿಕ್ಕವರನ್ನೆಲ್ಲ ಕೇಳಿದೆ. ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ಕೂತಾಗ ಕೇಳಿದೆ, ಫೋನಿನಲ್ಲಿ ಕೇಳಿದೆ. ಕಚೇರಿಯಲ್ಲಿ ಸಿಕ್ಕ ಹಳೆಯ ಉತಾರಗಳ, ಅಂದರೆ ಪಹಣಿಗಳ, ಫೋಟೋ ಹೊಡೆದುಕೊಂಡೆ. ಕೆಲವನ್ನು ಬಿಲ್ಲಿನ ಹಿಂದೆ ಗೀಚಿದೆ, ಕೆಲವನ್ನು ತಲೆಯಲ್ಲೇ ಇಟ್ಟುಕೊಂಡೆ. ಆರು ತಿಂಗಳಲ್ಲಿ ಐದು ತಲೆಮಾರಿನ ಚೆಂದದ ಮರವೊಂದು ತಯಾರಾಯಿತು. ಅದನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಖುಷಿಪಟ್ಟರು. ಒಬ್ಬರು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ದೇವರ ಫೋಟೋಗಳ ಪಕ್ಕ ತೂಗುಹಾಕಿದರು.

ಎರಡು ತಿಂಗಳಾದ ಮೇಲೆ ಅದೇ ಮನೆಯ ಹುಡುಗಿ, ಕಾಲೇಜಿಗೆ ಹೋಗುವವಳು, ನನಗೆ ಫೋನ್ ಮಾಡಿದಳು. ‘ಈ ಅಜ್ಜ ತೀರಿಕೊಂಡದ್ದು 1918 ಅಂತ ಇದೆ. ಅವರ ಕಿರಿಯ ಮಗ ಹುಟ್ಟಿದ್ದು 1926 ಅಂತ ಇದೆ. ಹೇಗೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕಿಂತ ನೋವಾದದ್ದು ಇನ್ನೊಂದು. 1918 ಅಂತ ನನಗೆ ಯಾರು ಹೇಳಿದರು, 1926 ಅಂತ ಎಲ್ಲಿ ನೋಡಿದೆ, ಎರಡೂ ನೆನಪಿಗೆ ಬರಲಿಲ್ಲ. ಫೋನಿನಲ್ಲಿ ನಾನ್ನೂರು ಫೋಟೋ ಇದ್ದವು. ಯಾವುದು ಯಾವ ಪುಸ್ತಕದ ಯಾವ ಪುಟ, ಒಂದಕ್ಕೂ ಗುರುತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಬರೆದು ಒಂದು ಮನೆಯ ಗೋಡೆಗೆ ಏರಿಸಿದ್ದೆ. ಆ ಹುಡುಗಿಯ ಪ್ರಶ್ನೆಯ ಮರುದಿನವೇ ಹೋಗಿ ಈ ನೋಟ್‌ಬುಕ್ ತಂದೆ.

ನೋಟ್‌ಬುಕ್ಕಿಗೆ ಗೆರೆ ಹಾಕಿ ಮನೆ ಮಾಡಿಕೊಂಡೆ. ಯಾವ ದಿನ, ಎಲ್ಲಿ, ಏನು ನೋಡಿದೆ, ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಾ ನೋಡಿದೆ, ಏನು ಸಿಕ್ಕಿತು, ಏನು ಸಿಗಲಿಲ್ಲ, ಫೋಟೋ ನಂಬರ್ ಎಷ್ಟು. ಕೊನೆಯ ಮನೆ ‘ಮುಂದೆ ಏನು’. ಇದರಲ್ಲಿ ಹೊಸದೇನೂ ಇಲ್ಲ. ಈ ಕೆಲಸ ಮಾಡುವವರು ಬೇರೆ ಬೇರೆ ದೇಶಗಳಲ್ಲಿ ಹೀಗೇ ಬರೆಯುತ್ತಾರೆ. ಅಮೆರಿಕದಲ್ಲಿ ವಂಶಾವಳಿ ಸಂಶೋಧಕರಿಗೆ ಅರ್ಹತೆಯ ಪತ್ರ ಕೊಡಲು 1964ರಿಂದ ಒಂದು ಮಂಡಳಿಯೇ ಇದೆ. ಅವರು ಐದು ಮಾತು ಕೇಳುತ್ತಾರೆ. ಹುಡುಕಬೇಕಾದಷ್ಟು ಹುಡುಕಿದಿರಾ? ಎಲ್ಲಿ ಸಿಕ್ಕಿತು ಅಂತ ಬರೆದಿರಾ? ಸಿಕ್ಕಿದ್ದನ್ನು ಒಂದಕ್ಕೊಂದು ತಾಳೆ ನೋಡಿದಿರಾ? ತಾಳೆಯಾಗದ್ದಕ್ಕೆ ಸಮಾಧಾನ ಹೇಳಿದಿರಾ? ಕೊನೆಗೆ ಬೇರೆಯವರು ಓದಿ ಒಪ್ಪುವ ಹಾಗೆ ಬರೆದಿರಾ? ನನ್ನ ಗೋಡೆಯ ಮರ ಐದರಲ್ಲಿ ಒಂದಕ್ಕೂ ಹೂಂ ಅನ್ನುವ ಹಾಗಿರಲಿಲ್ಲ.

ನಮ್ಮಲ್ಲಿ ಬರೆದಿಡುವ ಅಭ್ಯಾಸವೇ ಇರಲಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಚಿ ಮಾಡುತ್ತಿದ್ದ ಕಡತಗಳನ್ನು ನೆನಪಿಸಿಕೊಳ್ಳಿ. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಇವತ್ತಿಗೂ ಸರ್ಕಾರಿ ಫೈಲಿಗೆ ನಾವು ಕಡತ ಅನ್ನುವುದು ಅಲ್ಲಿಂದಲೇ. ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ನನ್ನ ನೋಟ್‌ಬುಕ್ಕಿಗೆ ಮಾತ್ರ ಅಳಿಸಬಾರದು ಅನ್ನುವ ನಿಯಮ ಹಾಕಿಕೊಂಡೆ. ತಪ್ಪಾದರೆ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ದಿನಾಂಕ. ನಾನು ಯಾವತ್ತು ಏನು ತಿಳಿದುಕೊಂಡಿದ್ದೆ ಅನ್ನುವುದೂ ಮುಂದೆ ಬೇಕಾಗುತ್ತದೆ.

ಇನ್ನು ಹೆಸರುಗಳ ವಿಷಯ. ಮನೆಯವರ ಹೆಸರನ್ನು ಹೊರಗೆ ಬರೆಯುವುದಿಲ್ಲ ಅಂತ ಅತ್ತೆಗೆ ಮಾತು ಕೊಟ್ಟಿದ್ದೇನೆ. ಹಾಗಾಗಿ ಇಲ್ಲಿ ನಂಬರ್ ಹಾಕುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲೂ ಹಾಗೇ ಇದೆ. ಯುರೋಪಿನಲ್ಲಿ 1590ರಷ್ಟು ಹಿಂದೆಯೇ ಬಳಸಿದ ಎಣಿಕೆ ಇದು. ನಾನು 1. ಅಪ್ಪ 2, ಅಮ್ಮ 3. ಯಾರದೇ ನಂಬರನ್ನು ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೊಂದು ಕೂಡಿಸಿದರೆ ಅವರ ಅಮ್ಮ. ಅಪ್ಪನ ಅಪ್ಪ 4. ಅವರ ಅಪ್ಪ, ಅಂದರೆ ಮುತ್ತಜ್ಜ, 8. ಮುತ್ತಜ್ಜಿ 9.

ನಮ್ಮವರಿಗೆ ಈ ನಂಬರ್ ಎಷ್ಟು ಬೇಕು ಅಂತ ಕೆಲಸಕ್ಕೆ ಇಳಿದ ಮೇಲೆ ಗೊತ್ತಾಯಿತು. ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಪದ್ಧತಿ ನಮ್ಮದು. ಅಣ್ಣತಮ್ಮಂದಿರು ಇಬ್ಬರಿಗೂ ಗಂಡುಮಕ್ಕಳಾದರೆ ಇಬ್ಬರ ಮಕ್ಕಳಿಗೂ ಅಜ್ಜನ ಹೆಸರೇ. ಒಂದೇ ಊರು, ಒಂದೇ ಅಡ್ಡಹೆಸರು, ಒಂದೇ ಹೆಸರು, ಹೆಚ್ಚುಕಡಿಮೆ ಒಂದೇ ವಯಸ್ಸು. ಕರೆಯುವಾಗ ದೊಡ್ಡಾಂವ, ಸಣ್ಣಾಂವ ಅಂತ ಗುರುತು ಇರುತ್ತಿತ್ತು. ಕಾಗದದಲ್ಲಿ ಆ ಗುರುತು ಇರಲಿಲ್ಲ. ನಂಬರ್ ಕೊಟ್ಟರೆ ಇಬ್ಬರೂ ಬೇರೆಯಾಗುತ್ತಾರೆ. ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಹೆಸರೇ ಗೊತ್ತಿಲ್ಲದ ತಾಯಿಗೂ ಇಲ್ಲಿ ಒಂದು ನಂಬರ್ ಇದೆ. ಅವಳ ಜಾಗ ಖಾಲಿ ಇದ್ದರೆ ಖಾಲಿ ಅಂತ ಕಾಣುತ್ತದೆ. 9ರ ಮುಂದೆ ನನ್ನ ನೋಟ್‌ಬುಕ್ಕಿನಲ್ಲಿ ಮೂರು ವರ್ಷ ಬರೀ ಒಂದು ಚುಕ್ಕೆ ಇತ್ತು.

ಅತ್ತೆ, ಅಪ್ಪನ ಅಕ್ಕ, ಹುಟ್ಟಿದ್ದು 1938ರ ಸುಮಾರಿಗೆ. ಶಾಲೆಯ ದಾಖಲೆಯಲ್ಲಿ ಜೂನ್ 1 ಅಂತಿದೆ. ನಮ್ಮ ಕಡೆ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ, ಅಲ್ವಾ? ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಅದು. ವರ್ಷ ಹತ್ತಿರಹತ್ತಿರ ಇರುತ್ತದೆ, ದಿನವನ್ನು ನಂಬುವ ಹಾಗಿಲ್ಲ. ಅಂಥ ದಿನಾಂಕ ಸಿಕ್ಕಾಗ ನಾನು ಪಕ್ಕದಲ್ಲಿ ‘ಶಾಲೆ’ ಅಂತ ಒಂದೇ ಪದ ಬರೆಯುತ್ತೇನೆ.

ಮುತ್ತಜ್ಜನ ಸಾವಿನ ಬಗ್ಗೆ ಅತ್ತೆಯನ್ನು ಮೊದಲು ಕೇಳಿದಾಗ ಹೇಳಿದ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಂಡೆ. ‘ಕಾಳಯುಕ್ತಿ ಸಂವತ್ಸರ. ದೊಡ್ಡ ಜ್ವರ ಬಂದಿತ್ತಂತ. ಹೆಣಾ ಹೊರಾಕ ಮಂದಿ ಇರಲಿಲ್ಲಂತ. ಆ ವರ್ಷ ಹಟ್ಟಿಹಬ್ಬ ಆಗಲಿಲ್ಲಂತ.’

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಕಾಳಯುಕ್ತಿ ಅಂದರೆ 1978–79 ಆಗಬಹುದು, 1918–19 ಆಗಬಹುದು, 1858–59 ಕೂಡ ಆಗಬಹುದು. ಬರೀ ಸಂವತ್ಸರದ ಹೆಸರಿಂದ ವರ್ಷ ಸಿಗುವುದಿಲ್ಲ. ಜೊತೆಗೆ ಒಂದು ಘಟನೆ ಬೇಕು. ಇಲ್ಲಿ ಜ್ವರ ಇದೆ. 1918ರ ಇನ್‌ಫ್ಲುಯೆಂಜಾ ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಮುಂಬಯಿ ಪ್ರಾಂತ್ಯಕ್ಕೆ ಅದು ತುಂಬಾ ಜೋರಾಗಿ ಬಡಿಯಿತು. ನಮ್ಮ ಊರು ಆಗ ಅದೇ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಅದರ ಕೆಟ್ಟ ಅಲೆ ಬಂದದ್ದು ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಹಟ್ಟಿಹಬ್ಬ, ಅಂದರೆ ದೀಪಾವಳಿ, ಬರುವುದು ಆಗಲೇ. ಎಲ್ಲ ಸರಿಯಾಗಿ ಕೂಡುತ್ತಿತ್ತು.

ನಾಲ್ಕು ತಿಂಗಳ ನಂತರ ಮತ್ತೆ ಹೋದೆ. ಈ ಸಲ ಅತ್ತೆ ಬೇರೆಯೇ ಹೇಳಿದರು. ‘ಪ್ಲೇಗಿನಾಗ ಹೋಗಿದ್ದು. ಊರು ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡಿದ್ರಂತ.’ ಪ್ಲೇಗು ನಮ್ಮ ಕಡೆ 1898ರ ಆಸುಪಾಸಿನಿಂದ ಹಲವು ವರ್ಷ ಮತ್ತೆ ಮತ್ತೆ ಬಂದಿದೆ. ಇಲಿ ಬಿದ್ದ ಕೂಡಲೇ ಊರು ಖಾಲಿ ಮಾಡುತ್ತಿದ್ದದ್ದೂ ನಿಜ. ಹಾಗಾದರೆ ಯಾವುದು ಸರಿ?

ಮೊದಲಿನ ನಾನಾಗಿದ್ದರೆ ಹೊಸ ಮಾತು ಕೇಳಿ ಹಳೆಯದನ್ನು ಬಿಟ್ಟುಬಿಡುತ್ತಿದ್ದೆ. ಈಗ ಎರಡನ್ನೂ ಬರೆದೆ, ಎರಡಕ್ಕೂ ದಿನಾಂಕ ಹಾಕಿದೆ. ಎರಡನೇ ಸಲ ಕೋಣೆಯಲ್ಲಿ ಯಾರ್ಯಾರು ಇದ್ದರು ಅಂತಲೂ ಬರೆದೆ. ಮೂರನೇ ಸಲ ಹೋದಾಗ ‘ಏನಾಯಿತು’ ಅಂತ ಕೇಳಲಿಲ್ಲ. ‘ಈ ಮಾತು ನಿಮಗೆ ಯಾರು ಹೇಳಿದ್ದು?’ ಅಂತ ಕೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಜ್ವರದ ಮಾತು ನಮ್ಮ ಆಯಿ ಹೇಳಿದ್ದು. ಗುಡಸಲಾ ಹಾಕಿದ್ದು ನಮ್ಮವ್ವ ಹೇಳಿದ್ದು. ಅದು ಅಕಿ ತವರಾಗ.’

ಆಯಿ ಅಂದರೆ ನಮ್ಮಲ್ಲಿ ಅಜ್ಜಿ. ಅತ್ತೆಯ ಆಯಿ ಅಂದರೆ ನನ್ನ 9. ಜ್ವರದ ಕತೆ ಸತ್ತವನ ಹೆಂಡತಿಯ ಬಾಯಿಂದ ಬಂದದ್ದು, ಪ್ಲೇಗಿನ ಕತೆ ಬೇರೆ ಮನೆಯದು. ‘ಯಾರು ಹೇಳಿದ್ದು’ ಅನ್ನುವ ಒಂದು ಪ್ರಶ್ನೆಯಿಂದ ಗಂಟು ಬಿಚ್ಚಿತು. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದು ಆ ಪ್ರಶ್ನೆಗೂ ಒಂದು ಮನೆ ಕೊಟ್ಟೆ.

‘ಆಯಿ ಹೆಸರೇನು ಅತ್ತೆ?’ ಅಂತ ಕೇಳಿದೆ. ‘ಆಯಿ ಅಂದ್ರ ಆಯಿ. ಹೆಸರು ಹಿಡಿದು ಯಾರು ಕರೀತಿದ್ರು?’ ಅಂದರು. ಆಯಿ ತೀರಿಕೊಂಡಾಗ ಅತ್ತೆಗೆ ಹತ್ತು ವರ್ಷ. ಅವರ ಪಕ್ಕದಲ್ಲೇ ಮಲಗುತ್ತಿದ್ದರಂತೆ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿರುತ್ತಿದ್ದ ಪುಟಾಣಿ, ಬೆಲ್ಲ ನೆನಪಿದೆ. ಹೆಸರು ಗೊತ್ತಿಲ್ಲ.

ಜ್ವರದ ವರ್ಷ ಖಚಿತ ಮಾಡಿಕೊಳ್ಳಲು ಸಾವಿನ ರಿಜಿಸ್ಟರ್ ಹುಡುಕಿಕೊಂಡು ಹೋಗಿದ್ದೆ ಅಂತ ಮೊದಲೇ ಹೇಳಿದೆನಲ್ಲ. 1918ರ ಪುಸ್ತಕ ಅಲ್ಲಿ ಇರಲಿಲ್ಲ. ನಾನು ಹಾಗಂತ ಬರೆದಿಟ್ಟದ್ದರಿಂದ ಎರಡು ಉಪಕಾರವಾಯಿತು. ಒಂದು, ಅದೇ ಪುಸ್ತಕಕ್ಕಾಗಿ ಮತ್ತೆ ಆ ಕಚೇರಿಗೆ ಅಲೆಯಲಿಲ್ಲ. ನೋಟ್‌ಬುಕ್ ಇಲ್ಲದ ಕಾಲದಲ್ಲಿ ಒಂದೇ ರಿಜಿಸ್ಟರನ್ನು ಎರಡು ಸಲ ಪೂರ್ತಿ ಓದಿದ್ದೆ. ಮೊದಲ ಸಲ ಓದಿದ್ದು ಎರಡನೇ ಸಲ ಅರ್ಧ ಮುಗಿದ ಮೇಲೆ ನೆನಪಾಗಿತ್ತು. ಇನ್ನೊಂದು ದೊಡ್ಡ ಉಪಕಾರ. ‘ಮುಂದೆ ಏನು’ ಅನ್ನುವ ಮನೆ ಖಾಲಿ ಇತ್ತು. ಅದನ್ನು ತುಂಬಬೇಕಲ್ಲ ಅಂತ ಯೋಚಿಸಿದೆ. ಮನುಷ್ಯ ಸತ್ತ. ಸಾವು ಬರೆದ ಪುಸ್ತಕ ಇಲ್ಲ. ಆದರೆ ಅವನಿಗೆ ಹೊಲ ಇತ್ತು. ಸತ್ತವನ ಹೆಸರಲ್ಲಿ ಹೊಲ ಎಷ್ಟು ದಿನ ಇರುತ್ತದೆ? ಹೆಸರು ಬದಲಾಗಲೇಬೇಕು. ಬದಲಾದರೆ ಅದನ್ನು ಬರೆಯಲೇಬೇಕು.

ಮುಂಬಯಿ ಪ್ರಾಂತ್ಯದಲ್ಲಿ 1903ರ ಕಾಯ್ದೆಯಿಂದ ರೆಕಾರ್ಡ್ ಆಫ್ ರೈಟ್ಸ್ ಪದ್ಧತಿ ಬಂತು. ಹೊಲದ ಹಕ್ಕು ಕೈ ಬದಲಾಯಿಸಿದಾಗಲೆಲ್ಲ ಒಂದು ಪುಸ್ತಕದಲ್ಲಿ ನಂಬರ್ ಹಾಕಿ ಬರೆಯಬೇಕು. ನಮ್ಮ ಕಡೆ ಅದಕ್ಕೆ ಡೈರಿ ಅನ್ನುತ್ತಾರೆ. ಇವತ್ತು ಮ್ಯುಟೇಷನ್ ಅನ್ನುವುದು ಅದನ್ನೇ. ಈಗ ಭೂಮಿ ತಂತ್ರಾಂಶದಲ್ಲಿ ಸಿಗುವ ಉತಾರ ಕಂಪ್ಯೂಟರ್ ಬಂದ ಮೇಲಿನದು. ನಾನು ಹುಡುಕುವಾಗ ಅದಕ್ಕಿಂತ ಹಿಂದಿನದು ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಕೈಬರಹದ ನಕಲು ಪಡೆಯಬೇಕಿತ್ತು. ನಾನು ಸರ್ವೆ ನಂಬರ್ ಹಿಡಿದು ಹಿಂದೆ ಹಿಂದೆ ಹೋದೆ. ಇವತ್ತಿನ ಉತಾರದಲ್ಲಿ ಅದರ ಹಿಂದಿನ ಮ್ಯುಟೇಷನ್ ನಂಬರ್ ಇರುತ್ತದೆ. ಆ ಮ್ಯುಟೇಷನ್ ಅದಕ್ಕೂ ಹಿಂದಿನದನ್ನು ಹೇಳುತ್ತದೆ. ಮೆಟ್ಟಿಲು ಇಳಿದ ಹಾಗೆ.

1921ರ ಒಂದು ನಮೂದು ಸಿಕ್ಕಿತು. ಕಂದು ಬಣ್ಣಕ್ಕೆ ತಿರುಗಿದ ಹಾಳೆ, ಅಂಚು ಹುಳು ತಿಂದಿದೆ, ಅಕ್ಷರ ಮಾತ್ರ ಗುಂಡಗೆ ಚೆನ್ನಾಗಿವೆ. ನಮ್ಮ 8, ಅವನ ತಂದೆಯ ಹೆಸರು, ಅಡ್ಡಹೆಸರು. ‘ಮೂರು ವರ್ಷದ ಹಿಂದೆ ಮಯತ’, ಅಂದರೆ ತೀರಿಕೊಂಡ. ವಾರಸ ಅಂತ ನನ್ನ ಅಜ್ಜನ ಹೆಸರು, ‘ವಯ 7’. ಅದರ ಪಕ್ಕದಲ್ಲಿ ಮೂರು ಅಕ್ಷರ: ‘ಅ.ಪಾ.ಕ.’ ಆಮೇಲೆ ಒಬ್ಬ ಹೆಂಗಸಿನ ಹೆಸರು. ಸಂಬಂಧ ಏನು ಅಂತ ಬರೆದಿಲ್ಲ.

ಇಪ್ಪತ್ತೊಂದರಲ್ಲಿ ಮೂರು ಕಳೆದರೆ ಹದಿನೆಂಟು. ಅಲ್ಲಿಗೆ ಆಯಿ ಹೇಳಿದ ಜ್ವರದ ವರ್ಷಕ್ಕೆ ಸರ್ಕಾರಿ ಪುಸ್ತಕದ ಆಸರೆಯೂ ಸಿಕ್ಕಿತು. ಆದರೆ ಆ ಮೂರು ಅಕ್ಷರ ನನಗೆ ತಿಳಿಯಲಿಲ್ಲ. ಆ ಹೆಂಗಸು ಯಾರು? ಸಾಕ್ಷಿಯೋ, ಪಾಲುದಾರಳೋ, ಸಾಲ ಕೊಟ್ಟವಳೋ? ಊಹೆ ಮಾಡಿ ಏನಾದರೂ ಬರೆದುಬಿಡಬೇಕು ಅಂತ ಕೈ ತುರಿಸಿತು. ತಡೆದುಕೊಂಡೆ. ನೋಟ್‌ಬುಕ್ಕಿನಲ್ಲಿ ಚುಕ್ಕೆಗಳ ಸಮೇತ ಇದ್ದ ಹಾಗೇ ಇಳಿಸಿಕೊಂಡೆ. ಕೆಳಗೆ ‘ಅರ್ಥ ಗೊತ್ತಿಲ್ಲ, ಯಾರನ್ನಾದರೂ ಕೇಳಬೇಕು’ ಅಂತ ಬರೆದೆ.

ಏಳು ತಿಂಗಳಾದ ಮೇಲೆ ಉತ್ತರ ಸಿಕ್ಕಿತು. ಬೇರೆ ಕೆಲಸಕ್ಕೆ ಪಕ್ಕದ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ನಿವೃತ್ತ ತಲಾಟಿಯೊಬ್ಬರು, ಅಂದರೆ ಊರ ಹೊಲದ ಲೆಕ್ಕ ಬರೆಯುತ್ತಿದ್ದವರು, ಕಟ್ಟೆಯ ಮೇಲೆ ಕೂತಿದ್ದರು. ನೋಟ್‌ಬುಕ್ ತೆಗೆದು ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದವರೇ ಹೇಳಿದರು: ‘ಅಜ್ಞಾನ ಪಾಲನ ಕರ್ತ. ಮೈನರ್ ಹುಡುಗ ಅದಾನ, ಅವನ ಪಾಲಕರು ಇವರು. ಹಳೇ ಮುಂಬಯಿ ಪದ್ಧತಿ, ಮರಾಠಿ ಕಡಿಂದ ಬಂದ ಮಾತು.’ ಅಜ್ಞಾನ ಅಂದರೆ ಅಲ್ಲಿ ವಯಸ್ಸಿಗೆ ಬರದವನು. ವಯಸ್ಸಿಗೆ ಬಂದರೆ ಸಜ್ಞಾನ.

ಏಳು ವರ್ಷದ ಹುಡುಗನ ಪಾಲಕಿ. ತಾಯಿಯೇ ಇರಬೇಕು ಅಂತ ಮನಸ್ಸು ಕುಣಿಯಿತು. ಆದರೆ ಅಜ್ಜಿಯೂ ಇರಬಹುದು, ದೊಡ್ಡಮ್ಮನೂ ಇರಬಹುದು. 9ರ ಮುಂದೆ ಪೆನ್ಸಿಲ್ಲಿನಲ್ಲಿ ‘ಬಹುಶಃ’ ಅಂತ ಬರೆದು ಆ ಹೆಸರು ಬರೆದೆ. ಅದಕ್ಕೆ ‘ಮುಂದೆ ಏನು’ ಮನೆಯಲ್ಲಿ ಹೀಗೆ ಬಂತು: ‘ಹುಡುಗ 21 ಆದಾಗಲೋ 18 ಆದಾಗಲೋ ಪಾಲಕರ ಹೆಸರು ತೆಗೆಯಬೇಕಲ್ಲ? ಆ ನಮೂದು ಹುಡುಕು. 1930ರಿಂದ 1936.’

ಸಿಕ್ಕಿತು. 1933ರದ್ದು. ಒಂದೇ ಸಾಲು. ಹುಡುಗ ಸಜ್ಞಾನ ಆದ್ದರಿಂದ ಪಾಲಕಿ ತಾಯಿ, ಹೆಸರು, ಕಡಿಮೆ ಮಾಡಿದೆ.

ತಾಯಿ ಅಂತ ಅಲ್ಲಿ ಬರೆದಿತ್ತು. ರೆಕಾರ್ಡ್ ರೂಮಿನ ಬೆಂಚಿನ ಮೇಲೆ ಕೂತು ಅದನ್ನು ಎಷ್ಟು ಸಲ ಓದಿದೆನೋ. ಮೂವತ್ತಕ್ಕೂ ಮೊದಲೇ ಗಂಡನನ್ನು ಕಳೆದುಕೊಂಡು, ಕೂಸನ್ನು ಇಟ್ಟುಕೊಂಡು, ನಾಲ್ಕೂಕಾಲು ಎಕರೆ ಒಣ ಹೊಲವನ್ನು ಹದಿನೈದು ವರ್ಷ ಕಾದವಳು. ಸರ್ಕಾರದ ಪುಸ್ತಕದಲ್ಲಿ ಅವಳಿಗೆ ಎರಡು ಸಾಲು ಇದೆ. ಒಂದರಲ್ಲಿ ಹೆಸರು ಸೇರಿಸಿದ್ದಾರೆ. ಇನ್ನೊಂದರಲ್ಲಿ ಕಡಿಮೆ ಮಾಡಿದ್ದಾರೆ. ಆ ಎರಡು ಸಾಲಿನ ನಡುವೆ ಹೊಲ ಕೈಬಿಟ್ಟು ಹೋಗಿದ್ದರೆ ಇವತ್ತು ನಾನು ವಾರಸಾ ಮಾಡಿಸಲು ಏನೂ ಇರುತ್ತಿರಲಿಲ್ಲ. ಪೆನ್ಸಿಲ್ಲಿನ ‘ಬಹುಶಃ’ದ ಮೇಲೆ ಒಂದು ಗೆರೆ ಎಳೆದು, ದಿನಾಂಕ ಹಾಕಿ, ಪೆನ್ನಿನಲ್ಲಿ ಹೆಸರು ಬರೆದೆ.

ಆ ಕಾಲೇಜು ಹುಡುಗಿಯ ಪ್ರಶ್ನೆಗೆ ಉತ್ತರವೂ ಇದೇ ಡೈರಿಗಳಲ್ಲಿ ಸಿಕ್ಕಿತು. 1921ರ ನಂತರವೂ ಅದೇ ಹೆಸರು, ಅದೇ ಅಡ್ಡಹೆಸರು ಬೇರೊಂದು ಸರ್ವೆ ನಂಬರಿನಲ್ಲಿ ಮುಂದುವರಿದಿತ್ತು. ತಂದೆಯ ಹೆಸರು ಮಾತ್ರ ಬೇರೆ. ಅವನು 8ರ ದೊಡ್ಡಪ್ಪನ ಮಗ. ಇಬ್ಬರಿಗೂ ಒಬ್ಬನೇ ಅಜ್ಜನ ಹೆಸರು. ಈ ಎರಡನೆಯವನು ತೀರಿಕೊಂಡ ಮೇಲೆ 1937ರಲ್ಲಿ ಆದ ವಾರಸಾದಲ್ಲಿ, ಶಾಲೆಯ ದಾಖಲೆಯಲ್ಲಿ 1926 ಅಂತ ಇರುವ ಹುಡುಗ ಮಗನಾಗಿ ಇದ್ದಾನೆ. ನಾನು ಇಬ್ಬರು ಮನುಷ್ಯರನ್ನು ಹಿಸುಕಿ ಒಬ್ಬನನ್ನಾಗಿ ಮಾಡಿದ್ದೆ.

ಇದನ್ನು ಆ ಮನೆಯವರಿಗೆ ಹೇಗೆ ಹೇಳುವುದು? ‘ನೀವು ಆ ಕೊಂಬೆ ಅಲ್ಲ, ಪಕ್ಕದ ಕೊಂಬೆ’ ಅಂತ ಫೋನಿನಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ. ಅಲ್ಲಿಂದ ವರದಿ ಬರೆಯುವುದು ಶುರುವಾಯಿತು.

ನೋಟ್‌ಬುಕ್ ನನಗಾಗಿ. ಅದರಲ್ಲಿ ಎಲ್ಲ ಕಲಸಿರುತ್ತದೆ, ಬಸ್ಸಿನ ಹೊತ್ತು ಕೂಡ. ವರದಿ ಓದುವವರಿಗಾಗಿ. ಇಡೀ ವಂಶದ ಕತೆಯನ್ನು ಒಂದೇ ಸಲ ಬರೆಯಲು ಹೊರಟರೆ ಮುಗಿಯುವುದಿಲ್ಲ. ನಾನು ಒಂದು ವರದಿಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಆ ಸಲದ್ದು: ‘ಈ ಹೆಸರಿನವರು ನಮ್ಮ ಊರಲ್ಲಿ ಒಬ್ಬರೋ ಇಬ್ಬರೋ?’ ಮೂರೂವರೆ ಪುಟ ಆಯಿತು. ಪ್ರಶ್ನೆ ಮೊದಲು. ಆಮೇಲೆ ನೋಡಿದ ಕಾಗದ ಒಂದೊಂದೂ, ಅದರಲ್ಲಿ ಇದ್ದ ಮಾತು ಇದ್ದ ಹಾಗೆ. ನೋಡಬೇಕೆಂದು ಹೋಗಿ ಸಿಗದ ಕಾಗದವೂ. ನನ್ನ ಮೊದಲ ಮರದಲ್ಲಿ ಆದ ತಪ್ಪು ಯಾವುದು, ಯಾಕೆ ಆಯಿತು ಅಂತಲೂ ಬರೆದೆ. ಕೊನೆಗೆ ನನ್ನ ತೀರ್ಮಾನ, ಎಷ್ಟು ಗಟ್ಟಿ ಅನ್ನುವ ಮಾತಿನೊಂದಿಗೆ. ಇದಕ್ಕೆ ನಾನು ಮೂರೇ ಪದ ಬಳಸುತ್ತೇನೆ: ಖಚಿತ, ಬಹುಶಃ, ಬರೀ ಹೇಳಿಕೆ.

ಬರೆಯುವಾಗ ಒಂದು ಗೊತ್ತಾಯಿತು. ತಲೆಯಲ್ಲಿ ಸರಿಯಾಗಿ ಕಾಣುವ ಎಷ್ಟೋ ವಿಷಯ ವಾಕ್ಯಕ್ಕೆ ಇಳಿಯುವುದಿಲ್ಲ. ‘ಆದ್ದರಿಂದ’ ಅಂತ ಬರೆದ ಕೂಡಲೇ ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ನಡುವೆ ತೂತು ಕಾಣುತ್ತದೆ. ಎರಡು ಸಲ ಹಾಗೆ ತೂತು ಕಂಡು ಮತ್ತೆ ರೆಕಾರ್ಡ್ ರೂಮಿಗೆ ಹೋದೆ. ಅದಕ್ಕೇ ಈಗ ಎಲ್ಲ ಸಿಗಲಿ ಅಂತ ಕಾಯುವುದಿಲ್ಲ, ಅರ್ಧ ಸಿಕ್ಕಾಗಲೇ ಬರೆಯಲು ಕೂರುತ್ತೇನೆ.

ವರದಿಯನ್ನು ಪ್ರಿಂಟ್ ತೆಗೆದು ಆ ಮನೆಗೆ ನಾನೇ ಒಯ್ದು ಕೊಟ್ಟೆ. ಹುಡುಗಿಯೇ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದಳು. ಮನೆಯ ಹಿರಿಯರು ನಡುವೆ ಎರಡು ಸಲ ನಿಲ್ಲಿಸಿ ಮತ್ತೆ ಓದಿಸಿದರು. ಓದಿ ಮುಗಿದ ಮೇಲೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಹಿರಿಯರು ಒಳಗೆ ಹೋಗಿ ಟ್ರಂಕಿನಿಂದ ಒಂದು ವಾಟ್ನಿ ಪತ್ರ ತಂದು ಕೊಟ್ಟರು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಕಾಗದ. ಅದರಲ್ಲಿ ಎರಡೂ ತಂದೆಯರ ಹೆಸರು ಅಕ್ಕಪಕ್ಕ ಇತ್ತು. ಮೊದಲೇ ಕೇಳಿದ್ದರೆ ಕೊಡುತ್ತಿದ್ದರೇನೋ. ಆದರೆ ಏನು ಕೇಳಬೇಕು ಅಂತ ನನಗೆ ಆಗ ಗೊತ್ತಿರಲಿಲ್ಲ, ಅದು ಯಾವುದಕ್ಕೆ ಬೇಕು ಅಂತ ಅವರಿಗೂ ಗೊತ್ತಿರಲಿಲ್ಲ. ಗೋಡೆಯ ಮೇಲಿದ್ದ ಕಟ್ಟು ಇಳಿಸಿದರು. ಹೊಸದು ಬರುವವರೆಗೆ ಅಲ್ಲಿ ಮೊಳೆ ಮಾತ್ರ ಇತ್ತು.

ಹೊಸ ಮರದಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಹಳೆಯದರಲ್ಲಿ ಇರಲಿಲ್ಲ, ಅದನ್ನು ನಾನು ಗಮನಿಸಿಯೂ ಇರಲಿಲ್ಲ. ಹೊಲದ ಕಾಗದ ಹಿಡಿದು ಹೊರಟವರಿಗೆ ಹೀಗಾಗುತ್ತದೆ. ಹಳೆಯ ಕಾಗದದಲ್ಲಿ ಗಂಡುಮಕ್ಕಳೇ ವಾರಸರು. ಹೆಂಡತಿ ಬಂದರೆ ‘ಕೋಂ’ ಅಂತ ಗಂಡನ ಹೆಸರಿಗೆ ಅಂಟಿಕೊಂಡು ಬರುತ್ತಾಳೆ. ಮಗಳು ಬರುವುದೇ ಇಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಅಂತ ಕರ್ನಾಟಕದಲ್ಲಿ ತಿದ್ದುಪಡಿ ಆದದ್ದು 1994ರಲ್ಲಿ, ದೇಶಕ್ಕೆಲ್ಲ ಆದದ್ದು 2005ರಲ್ಲಿ. ಅದಕ್ಕಿಂತ ಹಿಂದಿನ ವಂಶವೃಕ್ಷಗಳಲ್ಲಿ ಎಷ್ಟೋ ಅಕ್ಕತಂಗಿಯರು ಹುಟ್ಟೇ ಇಲ್ಲ. ಅವರನ್ನು ಹುಡುಕಲು ಬೇರೆ ದಾರಿ ಬೇಕು. ಮದುವೆ ಕರೆಯೋಲೆ, ಉಡಿ ತುಂಬಿದ ಲೆಕ್ಕ, ಶಾಲೆಯ ಹಾಜರಿ, ಅತ್ತೆಯಂಥವರ ಬಾಯಿ ಮಾತು. ನಾನು ಈಗ ಯಾವ ಮನೆಗೆ ಹೋದರೂ ‘ಎಷ್ಟು ಮಕ್ಕಳು’ ಅಂತ ಒಮ್ಮೆ ಕೇಳಿ, ‘ಹೆಣ್ಣುಮಕ್ಕಳು ಎಷ್ಟು’ ಅಂತ ಮತ್ತೊಮ್ಮೆ ಕೇಳುತ್ತೇನೆ. ಮೊದಲ ಪ್ರಶ್ನೆಗೆ ಬರುವ ಲೆಕ್ಕದಲ್ಲಿ ಅವರು ಎಷ್ಟೋ ಸಲ ಸೇರಿರುವುದಿಲ್ಲ.

ಮುತ್ತಜ್ಜಿಯ ಹೆಸರನ್ನು ಅತ್ತೆಗೆ ಹೇಳಿದ ದಿನ ಅವರು ಅಕ್ಕಿ ಆರಿಸುತ್ತಾ ಕೂತಿದ್ದರು. ಹೆಸರು ಹೇಳಿದೆ. ಕೈ ನಿಂತಿತು. ತಮಗೆ ತಾವೇ ಅನ್ನುವ ಹಾಗೆ ಎರಡು ಸಲ ಆ ಹೆಸರು ಹೇಳಿಕೊಂಡರು. ‘ಅದಕ್ಕ ನಮ್ಮ ಅಕ್ಕಗ ಆ ಹೆಸರು ಇಟ್ಟಿದ್ರೇನು?’ ಅಂದರು. ಅತ್ತೆಗೆ ಒಬ್ಬ ಅಕ್ಕ ಇದ್ದರು, ಮೂರು ವರ್ಷಕ್ಕೇ ತೀರಿಕೊಂಡ ಕೂಸು, ಅನ್ನುವುದು ನನಗೆ ಗೊತ್ತಾದದ್ದೇ ಆಗ. ಅದನ್ನೂ ಬರೆದುಕೊಂಡೆ. ಯಾರು ಹೇಳಿದ್ದು ಅನ್ನುವ ಮನೆಯಲ್ಲಿ: ಅತ್ತೆ, ತಾನೇ, ಅಕ್ಕಿ ಆರಿಸುವಾಗ.

ಹೋದ ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವರು ಬಂದಿದ್ದರು. ಉತ್ತರ ಕರ್ನಾಟಕದವರಿಗೆ ಹೆಳವರ ಪರಿಚಯ ಹೇಳಬೇಕಿಲ್ಲ. ತಲೆಮಾರುಗಳಿಂದ ಮನೆತನಗಳ ವಂಶಾವಳಿ ಕಾಪಾಡಿಕೊಂಡು ಬಂದವರು. ಕೆಲವು ವರ್ಷಕ್ಕೊಮ್ಮೆ ತಮ್ಮ ಪಾಲಿನ ಮನೆಗಳಿಗೆ ಬಂದು, ಅಂಗಳದಲ್ಲಿ ನಿಂತು, ಮೂಲ ಪುರುಷನಿಂದ ಹಿಡಿದು ಹೆಸರು ಹೇಳುತ್ತಾ ಬರುತ್ತಾರೆ. ಯಾವ ಊರಿಂದ ಯಾವ ಊರಿಗೆ ಬಂದಿರಿ ಅಂತ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ದುಡ್ಡು ಕೊಟ್ಟು ಕಳಿಸುವುದು ವಾಡಿಕೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಇವರು ಸಣ್ಣ ಗಾಡಿಯೊಂದರಲ್ಲಿ ಬಂದಿದ್ದರು.

ಅವರು ನಮ್ಮ ಮನೆಯ ಹೆಸರುಗಳನ್ನು ಹೇಳುವಾಗ ನಾನು ನೋಟ್‌ಬುಕ್ ತೆರೆದು ಕೂತಿದ್ದೆ. 32 ಬಂತು, 16 ಬಂತು. 16ರ ಅಣ್ಣನೂ ಬಂದ. ಆಮೇಲೆ ಒಂದೇ ಹೆಸರಿನ ಇಬ್ಬರೂ ಬೇರೆ ಬೇರೆಯಾಗಿ ಬಂದರು. ನಾನು ನಾಲ್ಕು ವರ್ಷ ಒದ್ದಾಡಿ ಬಿಡಿಸಿದ ಗಂಟು ಅವರ ಪುಸ್ತಕದಲ್ಲಿ ಗಂಟೇ ಆಗಿರಲಿಲ್ಲ. ಎಂಥ ಎಚ್ಚರದ ಕೆಲಸ ಅದು. ಅವರಿಗೆ ಕೈ ಮುಗಿದೆ.

ಅವರ ಪುಸ್ತಕದಲ್ಲಿ ಮುತ್ತಜ್ಜಿ ಇರಲಿಲ್ಲ. ಸೇರಿಸಿಕೊಳ್ಳುತ್ತೀರಾ ಅಂತ ಕೇಳಿದೆ. 1921 ಮತ್ತು 1933ರ ಎರಡೂ ನಮೂದುಗಳ ನಕಲು ತೋರಿಸಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ನಿಧಾನಕ್ಕೆ ಓದಿದರು. 8ರ ಹೆಸರಿನ ಪಕ್ಕದ ಅಂಚಿನಲ್ಲಿ ಅವಳ ಹೆಸರನ್ನು ಬರೆದರು. ಬರೆದು ಪೆನ್ನು ಎತ್ತದೆ ಕೇಳಿದರು: ‘ಯಾ ಊರ ಮಗಳು?’

ನಾನು ಅತ್ತೆಯ ಮುಖ ನೋಡಿದೆ. ‘ಹೊಳಿ ದಂಡಿಯಾಕಿ ಅಂತಿದ್ರು’ ಅಂದರು ಅತ್ತೆ. ಅಷ್ಟೇ ಗೊತ್ತು. ಯಾವ ಹೊಳೆ? ವರದೆ ಆಗಿದ್ದರೆ ಅದೇ ಧಾರವಾಡ ಜಿಲ್ಲೆ, ಅದೇ ಕಾಗದಗಳು. ತುಂಗಭದ್ರೆ ಆಗಿದ್ದು ಆಚೆ ದಂಡೆಯವಳಾಗಿದ್ದರೆ ಆಗ ಅದು ಬೇರೆಯೇ ಸರ್ಕಾರ. ಹರಿಹರದ ಕಡೆ ಮೈಸೂರು ಸಂಸ್ಥಾನ, ಅಲ್ಲಿ ಶಾನುಭೋಗರ ಲೆಕ್ಕ. ಹರಪನಹಳ್ಳಿ, ಹಡಗಲಿ ಕಡೆಯಾದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಅಲ್ಲಿ ಕರಣಂ, ಅಂದರೆ ಆ ಕಡೆಯ ಶಾನುಭೋಗ, ಬರೆದ ಅಡಂಗಲ್ ಅನ್ನುವ ಹೊಲದ ಲೆಕ್ಕ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಹೆಳವರು ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟು ಪುಸ್ತಕ ಮಡಚಿದರು. ‘ಮುಂದಿನ ಸಲ ಬಂದಾಗ ಹೇಳ್ರಿ’ ಅಂದರು. ನಾನು ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುಗಿಸಿ ಮೇಲೆ ದಿನಾಂಕ ಹಾಕಿದೆ. ಪ್ರಶ್ನೆಯ ಮನೆಯಲ್ಲಿ 9ರ ತವರು. ಯಾರು ಹೇಳಿದ್ದು, ಅತ್ತೆ. ಏನು ಹೇಳಿದ್ದು, ಹೊಳಿ ದಂಡಿಯಾಕಿ.